ಎರಡು ಹಾಡಿನಷ್ಟು ನೀರು ಕುಡಿಯುವ ನನ್ನ ಕೂಲರಿಗೆ

ಮಾನ್ಯ ಕೂಲರ್ ಮಹಾಶಯರ ಸನ್ನಿಧಾನಕ್ಕೆ,

ನಾಗಪುರದ ಲಕ್ಷ್ಮೀ ನಗರದ ಬಾಡಿಗೆ ಮನೆಯ ಎರಡನೇ ಮಹಡಿಯಿಂದ, ತಮ್ಮ ತಂಪಿನಲ್ಲೇ ಕುಳಿತು ತಮ್ಮ ಮೇಲೆಯೇ ದೂರು ಬರೆಯುತ್ತಿರುವ ಮಧ್ವೇಶನ ಸಾಷ್ಟಾಂಗ ನಮಸ್ಕಾರಗಳು. ಇಂಥ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಬೆಗ್ ಮಾಡಿದ ಮೇಲೆ ಏನು ಸ್ಟೇಟ್ ಮಾಡಬೇಕೆಂಬುದು ಮರೆತುಹೋಗಿರುವುದರಿಂದ ಕನ್ನಡಕ್ಕೇ ಬರುತ್ತೇನೆ.

ಹೋದ ತಿಂಗಳು, ಬಿಸಿಲು ನಲವತ್ತಾರು ಮುಟ್ಟಿದ ದಿನ, ಊರಿನವರೆಲ್ಲ ಕಿಟಕಿಯಾಚೆ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ತಮ್ಮನ್ನು ಅತಿಗೌರವದಿಂದ ನಡುಮನೆಯೊಳಗೇ ಕೂರಿಸಿದ್ದ ನಾನು, ನಲ್ಲಿಯ ಪೈಪನ್ನು ತಮ್ಮ ಹೊಟ್ಟೆಗೆ ಬಿಟ್ಟು, ತಮಗೇ ಹೊಸ ಲಾವಂಚದ ತಟ್ಟಿ ತರಲೆಂದು ಧರಮಪೇಠಕ್ಕೆ ಹೋದೆ. ಅಲ್ಲಿ ಫ್ಯಾಕ್ಟರಿಯ ಹಳೆಯ ಜೊತೆಗಾರ ತಮ್ಮಯ್ಯ ಸಿಕ್ಕ. ಬಾಡಿಗೆದಾರನಿಗೂ ವಿಮೆ ಬೇಕಂತಲ್ಲ ಎಂದು ಆತ ಅಂದದ್ದೇ ತಡ, ಮಾಲೀಕರ ಕಟ್ಟಡಕ್ಕೆ ಪಾಲಿಸಿ ಇರುವಾಗ ನಮಗೇಕಯ್ಯಾ ಎಂದು ಎರಡು ಚಹಾ ಮುಗಿಯುವಷ್ಟು ಹೊತ್ತು ಉಪನ್ಯಾಸ ಕೊಟ್ಟೆ. ಮೂವತ್ತು ವರ್ಷ ಸರ್ಕಾರಿ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿದ್ದವನು ನಾನು. ಬಲ್ಬು ಹೋದರೂ ದೂರಿನ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದರೆ ಸರ್ಕಾರವೇ ಏಣಿ ಹೊತ್ತು ಬರುತ್ತದೆಂಬ ನಂಬಿಕೆ ನಿವೃತ್ತಿಯಾದರೂ ನಿವೃತ್ತವಾಗಿಲ್ಲ. ಅಷ್ಟರಲ್ಲಿ ತಾವು ತುಂಬಿ, ತುಳುಕಿ, ನಡುಮನೆಯನ್ನು ಕೆರೆ ಮಾಡಿ, ಕೆಳಮನೆಯ ಸತ್ಯಭಾಮಾಬಾಯಿಯವರ ಸೋಫಾವನ್ನೂ ಪಾವನಗೊಳಿಸಿದ್ದಿರಿ.

ಮಾಲೀಕರ ವಿಮೆಯ ಸರ್ವೇಯರ್ ಬಂದಾಗ, ಕಾರಣದ ಜಾಗದಲ್ಲಿ 'ಆಕ್ಟ್ ಆಫ್ ಗಾಡ್' ಎಂದು ಬರೆದುಕೊಳ್ಳಿ ಎಂದೆ. "ಕಾಕಾ, ನಳ ದೇವಾನಂ ಚಾಲೂ ಕೇಲಾ ಕಾ?" ಎಂದು, ಅಂದರೆ ನಲ್ಲಿ ತಿರುಗಿಸಿದ್ದು ದೇವರೇನು ಎಂದು, ಆತ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿ, ನೆನೆದ ಗೋಡೆಯ ಫೋಟೊ ಮಾತ್ರ ಹೊಡೆದುಕೊಂಡು ಹೋದ. ಆಮೇಲೆ ವಿಮೆ ಏಜೆಂಟ್ ಆಗಿರುವ ತಮ್ಮಯ್ಯನ ಮಗಳು ಸಿಂಚನಾ ಬಂದು ಪಾಠ ಹೇಳಿದಳು: "ಗೋಡೆ ಮಾಲೀಕರದು ಕಾಕಾ, ಸಾಮಾನು ನಿಮ್ಮದು, ಕೆಳಗಿನವರ ಸೋಫಾ ನೆನೆಸಿದ ಲಫಡಾನೂ ಬರೋಬರ್ ನಿಮ್ಮದೇ." ನನ್ನದೇ ಪಾಲಿಸಿ ಇದ್ದಿದ್ದರೆ ಬೆಂಕಿಗೆ, ಕಳ್ಳತನಕ್ಕೆ, ಹಠಾತ್ತನೆ ಉಕ್ಕಿದ ನೀರಿಗೆ ಟೀವಿ, ಹಾಸಿಗೆ, ಮಿಕ್ಸರ್‌ಗಳ ಪರಿಹಾರ ಬರುತ್ತಿತ್ತಂತೆ, ಪರರಿಗೆ ನಾನು ಮಾಡುವ ಉಪಕಾರಕ್ಕೂ ಬೇರೆ ಕಲಮು ಇದೆಯಂತೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನಂತೆ ಕೂಡಲೇ ಸಹಿ ಮಾಡಿದೆ.

ಸಹಿ ಮಾಡುವಾಗ ಒಂದು ಮಾತು ಕೇಳಿದೆ. ತೀರಿಹೋದ ನನ್ನ ಹೆಂಡತಿ ವಿಜಯಾಳದು, ತಮ್ಮ ಪಕ್ಕದ ಕೆಳಗಿನ ಕಪಾಟಿನಲ್ಲಿ ನೆನೆದುಹೋದ ಹಾಡಿನ ಪುಸ್ತಕ, ಅಂಥದು ಇದರಲ್ಲಿ ಬರುತ್ತದೆಯೇ? "ಕೈಬರಹದ ಕಾಗದ ಬರಲ್ಲ ಕಾಕಾ, ಅದಕ್ಕೆ ಬೆಲೆ ಏನಂತ ಬರೆಯೋದು?" ಎಂದು ಅವಳು ಪೆನ್ನಿನ ಕ್ಯಾಪು ಹಾಕಿದಳು.

ಮಹಾಶಯರೇ, ವಿಜಯಾ ಇದ್ದಾಗ ತಾವು ಒಂದು ಬೇಸಿಗೆಯೂ ತುಳುಕಲಿಲ್ಲ. ಸ್ಟೂಲು ಹಾಕಿಕೊಂಡು ತಮ್ಮ ಪಕ್ಕ ಕುಳಿತು, ಪುಸ್ತಕ ನೋಡಿ ಎರಡು ದೇವರನಾಮ ಹಾಡುತ್ತಿದ್ದಳು. ಎರಡನೆಯದು ಮುಗಿಯಿತೆಂದರೆ ನಲ್ಲಿ ಬಂದ್. "ರೀ, ನಲ್ಲಿ ಬಿಟ್ಟು ಹೊರಗ ಹೋಗಬ್ಯಾಡ್ರಿ, ಇದು ನಿಮ್ಮ ಫ್ಯಾಕ್ಟರಿ ಅಲ್ಲ" ಎನ್ನುತ್ತಿದ್ದಳು. ದೇವರ ಮೇಲಿನ ಭಕ್ತಿ ಎಂದುಕೊಂಡಿದ್ದೆ. ತಮ್ಮ ಹೊಟ್ಟೆಯ ಅಳತೆಯೂ ಅದೇ ಎಂದು ತಿಳಿಯಲು ನಡುಮನೆ ಕೆರೆಯಾಗಬೇಕಾಯಿತು.

ಆದಕಾರಣ, ತಾವು ಇನ್ನು ಮುಂದೆ ತುಂಬಿದೊಡನೆ ಒಮ್ಮೆ ಕೆಮ್ಮಬೇಕೆಂದೂ, ತಮ್ಮ ನೀರು ಹೊತ್ತೊಯ್ದ ಶಾಯಿಯನ್ನು ಅದೇ ಅಕ್ಷರಗಳಲ್ಲಿ ಹಿಂದಿರುಗಿಸಬೇಕೆಂದೂ, ಎರಡೂ ಆಗದಿದ್ದರೆ ತಪ್ಪು ತಮ್ಮದೇ ಎಂದು ಸುಳ್ಳಾದರೂ ಒಪ್ಪಿಕೊಳ್ಳಬೇಕೆಂದೂ ವಿನಂತಿ.

ತಮ್ಮ ತಂಪಿಗೂ ತಪ್ಪಿಗೂ ಪಾಲುದಾರನಾದ
ತಮ್ಮ ವಿಶ್ವಾಸಿ,
ಮಧ್ವೇಶ

ಮರೆತ ಮಾತು: ಪುಸ್ತಕವನ್ನು ಮಹಡಿಯ ಮೇಲಿನ ಗಚ್ಚಿಯ ಬಿಸಿಲಿಗೆ ಒಣಗಿಸಿ ನೋಡಿದರೆ ಎರಡು ಹಾಡು ಓದುವಂತೆ ಉಳಿದಿವೆ. ಈಗ ಸ್ಟೂಲಿನ ಮೇಲೆ ಕುಳಿತು ನಾನೇ ಹಾಡುತ್ತೇನೆ. ತಾವು ಒಂದು ಹನಿಯೂ ತುಳುಕಿಲ್ಲ. ನನ್ನ ಕಂಠದಿಂದ ಕೆಳಮನೆಗೆ ಆಗುತ್ತಿರುವ ಹಾನಿ ಪಾಲಿಸಿಯಲ್ಲಿ ಬರುತ್ತದೆಯೇ ಎಂದು ಸತ್ಯಭಾಮಾಬಾಯಿಯವರು ಸಿಂಚನಾಳನ್ನು ವಿಚಾರಿಸಿದ್ದಾರೆ. ಬರುವುದಿಲ್ಲವಂತೆ.