ನಮ್ಮ ಮನೆಯ ಕೆಡದ ವಿಸಿಆರ್

ನಮ್ಮ ಮನೆಯ ವಿಸಿಆರ್ ಕೆಡುವುದಿಲ್ಲ. ಈ ಮಾತನ್ನು ನಾನು ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಸಿದ್ಧಾರ್ಥನಗರದ ನಮ್ಮ ರಸ್ತೆಯಲ್ಲಿ ಇದನ್ನು ಕೇಳದವರು ಯಾರಾದರೂ ಇದ್ದರೆ, ಅವರು ಬಾಡಿಗೆಗೆ ಹೊಸದಾಗಿ ಬಂದವರಿರಬೇಕು.

ಅದನ್ನು ಕೊಂಡದ್ದು ಮದುವೆಯಾದ ಹೊಸತರಲ್ಲಿ. ವಿಡಿಯೋದವನು ಮದುವೆ ಕ್ಯಾಸೆಟ್ ತಂದುಕೊಟ್ಟಿದ್ದ, ನೋಡಲು ಮಿಷನ್ ಇರಲಿಲ್ಲ. ಒಂದು ಸಲ ಡೆಕ್ಕು ಬಾಡಿಗೆಗೆ ತಂದು ಮಾವನ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಆಮೇಲೆ ಸ್ವಂತದ್ದೇ ಇರಲಿ ಅಂತ ಹೊರಟೆ. ಯಾವ ಮಿಷನ್ ಹೆಚ್ಚು ಕಾಲ ಬಾಳಿಕೆ ಬರುತ್ತದೆ ಎಂದು ಆರು ತಿಂಗಳು ವಿಚಾರಣೆ ಮಾಡಿದೆ. ಹೆಣ್ಣು ನೋಡುವುದಕ್ಕೆ ಅರ್ಧ ಗಂಟೆ ಸಾಕಾಗಿತ್ತು!

ಕೊನೆಗೆ ಒಬ್ಬ ಅಂಗಡಿಯವರು, "ಸಾರ್, ಜೋಪಾನವಾಗಿ ಇಟ್ಕೊಂಡ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಅಂದರು. ತಗೊಂಡುಬಿಟ್ಟೆ. ಆ 'ಜೋಪಾನ' ಎಂಬ ಒಂದು ಮಾತನ್ನು ನಾನು ಪಾಲಿಸಿದಷ್ಟು ನಿಷ್ಠೆಯಿಂದ ನನ್ನ ಡಾಕ್ಟರ ಮಾತನ್ನೂ ಪಾಲಿಸಿಲ್ಲ.

ಜೋಪಾನ ಎಂದರೆ ಬಳಸದಿರುವುದು. ಬಳಸಿದರೆ ತಾನೇ ಸವೆಯುವುದು? ಮಿಷನ್ನಿಗೆ ವೆಲ್ವೆಟ್ ಗೌಸು ಹೊಲಿಸಿದೆ. ನನ್ನ ಹೆಂಡತಿ ಸರೋಜ ಆಗಾಗ ಕೇಳುತ್ತಿದ್ದಳು, "ರೀ, ಮದುವೆ ಕ್ಯಾಸೆಟ್ ಹಾಕ್ರೀ. ಅಮ್ಮನ್ನ ನೋಡ್ಬೇಕು ಅನ್ಸುತ್ತೆ." ನಮ್ಮ ಅತ್ತೆಯವರು ಮದುವೆಯಾದ ಮರುವರ್ಷವೇ ತೀರಿಕೊಂಡಿದ್ದರು. ಆ ಕ್ಯಾಸೆಟ್ಟಿನಲ್ಲಿ ಅವರು ಒಂದು ಸೋಬಾನೆ ಪದ ಹೇಳಿದ್ದಾರೆ. "ಸುಮ್ನಿರೇ, ರೀಲು ಓದೋ ಹೆಡ್ ಸವೆದುಹೋಗುತ್ತೆ. ಹಬ್ಬಕ್ಕೆ ನೋಡೋಣ" ಅನ್ನುತ್ತಿದ್ದೆ. ಹಬ್ಬಗಳು ಬಂದವು, ಹೋದವು. ಸ್ವಂತ ಮಿಷನ್ನಿನಲ್ಲಿ ಅವಳು ಆ ಕ್ಯಾಸೆಟ್ಟು ನೋಡಿದ್ದು ಎರಡೇ ಸಲ. ಇದನ್ನು ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ.

ಆದರೆ ಆಯುಧ ಪೂಜೆ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಮೈಸೂರಿನಲ್ಲಿದ್ದುಕೊಂಡು ಅದನ್ನು ಬಿಡಲಾಗುತ್ತದೆಯೇ? ಸ್ಕೂಟರು, ಈಳಿಗೆಮಣೆ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಮಧ್ಯೆ ವಿಸಿಆರ್ ಅಧ್ಯಕ್ಷ ಸ್ಥಾನದಲ್ಲಿ ಕೂರುತ್ತಿತ್ತು. ಅರಿಶಿನ, ಕುಂಕುಮ, ಸೇವಂತಿಗೆ, ಊದುಬತ್ತಿ. ಉಳಿದವಕ್ಕೆ ಅಕ್ಷತೆಯನ್ನು ಮೇಲೆ ಎರಚುತ್ತಿದ್ದೆ. ವಿಸಿಆರ್‌ಗೆ ಬಾಯಿ ಇದೆಯಲ್ಲ! ಕ್ಯಾಸೆಟ್ ಹಾಕುವ ಮುಚ್ಚಳವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಭಕ್ತಿಯಿಂದ ನಾಲ್ಕು ಕಾಳು ಒಳಗೆ ಹಾಕುತ್ತಿದ್ದೆ.

"ಅಲ್ಯಾಕ್ರೀ ಕೈ ಹಾಕ್ತೀರಾ?" ಅನ್ನುತ್ತಿದ್ದಳು ಸರೋಜ.

"ನಿಂಗೆ ಗೊತ್ತಾಗಲ್ಲ ಕಣೇ."

ಹೀಗೆ ನೆಮ್ಮದಿಯಾಗಿದ್ದಾಗ ಕಳೆದ ವರ್ಷ ಸರೋಜಳ ಕಿವಿ ಮಂದವಾಗತೊಡಗಿತು. ಡಾಕ್ಟರು ಬಲಗಿವಿ ಪೂರ್ತಿ ಹೋಗಿದೆ ಅಂದರು. ಎಡಗಿವಿಯೂ ಇಳಿಯುತ್ತಾ ಇದೆ, ಇನ್ನು ಎಷ್ಟು ದಿನವೋ ಹೇಳಲಾಗುವುದಿಲ್ಲ, ಕಿವಿಗೆ ಹಾಕುವ ಮಿಷನ್ನೂ ಇಂಥದ್ದಕ್ಕೆ ಹೆಚ್ಚು ಪ್ರಯೋಜನವಿಲ್ಲ ಅಂದರು. ಆಸ್ಪತ್ರೆಯಿಂದ ಆಟೋದಲ್ಲಿ ಬಂದೆವು. ಮನೆಯ ಬೀಗ ತೆಗೆಯುವಾಗ ಸರೋಜ ಅಂದಳು, "ಅಮ್ಮನ ಮುಖ ಫೋಟೋದಲ್ಲಿದೆ. ದನಿ ಮರ್ತೋಗಿದೆ ಕಣ್ರೀ. ಪೂರ್ತಿ ಕಿವುಡಿ ಆಗೋದ್ರೊಳಗೆ ಒಂದ್ಸಲ ಕೇಳ್ಬುಡ್ಬೇಕು."

ನನ್ನ ಎದೆ ಉಬ್ಬಿತು! ದುಃಖದಿಂದಲ್ಲ, ಹೆಮ್ಮೆಯಿಂದ. ಮೂವತ್ತು ವರ್ಷ ನಾನು ಮಾಡಿದ ಜೋಪಾನಕ್ಕೆ ಕಾಲ ಕೂಡಿಬಂದಿತ್ತು. "ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ರದರ್ಶನ" ಎಂದು ಅವಳ ಎಡಗಿವಿಗೆ ಕೂಗಿ ಘೋಷಿಸಿದೆ. ಆ ಕೂಗಿಗೆ ಪಕ್ಕದ ಮನೆಯ ಪುಟ್ಟಸ್ವಾಮಿಯವರೂ ಬಂದುಬಿಟ್ಟರು.

ಪುಟ್ಟಸ್ವಾಮಿ ಒಳ್ಳೆಯ ಮನುಷ್ಯರು. ಅದೇ ತೊಂದರೆ, ಒಳ್ಳೆಯ ಸಲಹೆ ಕೊಡುತ್ತಾರೆ. "ಸಾರ್, ಮೊದ್ಲು ಯಾವುದಾದ್ರೂ ಸ್ಟುಡಿಯೋಗೆ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸ್ಬುಡಿ. ಹಳೇ ಕ್ಯಾಸೆಟ್ಟು. ಎಂಗೈತೋ ಏನೋ."

"ಮನೇಲಿ ಮಿಷನ್ ಇಟ್ಕೊಂಡು ಊರೂರು ಅಲೀಬೇಕೇನ್ರೀ?"

"ಹೋಗ್ಲಿ, ಬೇರೆ ಯಾವುದಾದ್ರೂ ಕ್ಯಾಸೆಟ್ ಹಾಕಿ ಒಂದ್ಸಲ ಪರೀಕ್ಷೆ ಮಾಡಿ."

"ಸುಮ್ಮನೆ ಹೆಡ್ ಸವೆಸೋದಾ?" ಅಂದೆ.

ಸರೋಜಳಿಗೆ ಎಷ್ಟು ಕೇಳಿಸಿತೋ, "ಅವರು ಹೇಳೋದು ಸರಿ ಕಣ್ರೀ. ನೀವು ಕೈ ಹಾಕ್ಬೇಡಿ, ಅಂಗಡಿಗೇ ಕೊಡಾಣ" ಅಂದಳು. ನನಗೆ ಕೋಪ ಬಂತು. ಮೂವತ್ತು ವರ್ಷ ಕೆಡದ ಮಿಷನ್ನಿನ ಮೇಲೆ ಸ್ವಂತ ಹೆಂಡತಿಗೇ ನಂಬಿಕೆ ಇಲ್ಲವೆಂದರೆ!

ಭಾನುವಾರ ಗೌಸು ತೆಗೆದೆ. ಹಳದಿ, ಬಿಳಿ, ಕೆಂಪು ವೈರುಗಳನ್ನು ಟಿವಿಗೆ ಸಿಕ್ಕಿಸಿದೆ. ಮಿಷನ್ನಿಗೆ ನಮಸ್ಕಾರ ಮಾಡಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಚಿತ್ರ ಬಂತು! "ನೋಡಿದ್ರಾ?" ಎಂದು ಪುಟ್ಟಸ್ವಾಮಿಯವರ ಕಡೆ ತಿರುಗಿ ಕೇಳಿದೆ. ಅವರು ಪಾಪ, ಚಪ್ಪಾಳೆಯನ್ನೂ ತಟ್ಟಿದರು. ಪರದೆಯ ಮೇಲೆ ವಾಲಗ, ಚಪ್ಪರ, ಹಸೆಮಣೆಯ ಮೇಲೆ ಒಣಕಲು ಕಡ್ಡಿಯಂತೆ ನಾನು, ಪಕ್ಕದಲ್ಲಿ ತಲೆ ತಗ್ಗಿಸಿದ ಸರೋಜ. ಆಮೇಲೆ ಅತ್ತೆಯವರು ಬಂದರು. ಹಸಿರು ಸೀರೆ, ಕೈಯಲ್ಲಿ ಆರತಿ ತಟ್ಟೆ. ವಾಲಗ ನಿಂತಿತು. ಅತ್ತೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

ಸರೋಜ ಕುರ್ಚಿಯಿಂದ ಎದ್ದು ಹೋಗಿ ಟಿವಿಗೆ ಎಡಗಿವಿ ಒತ್ತಿ ನಿಂತಳು.

ದನಿ ಬಂತು. ಅರ್ಧ ಸಾಲು. ಸರೋಜಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅತ್ತೆಯವರ ದನಿ ಗಂಡು ದನಿಯಾಯಿತು, ಆಮೇಲೆ ಗೊರಕೆಯಾಯಿತು, ಆಮೇಲೆ ಮಿಷನ್ನಿನ ಹೊಟ್ಟೆಯೊಳಗಿಂದ ಕರಕರ ಸದ್ದು ಬಂತು. ಪರದೆ ಕಪ್ಪಾಯಿತು.

ಅಲ್ಲಿಗೆ ನಾನು ಕೈ ಕಟ್ಟಿಕೊಂಡು ಕೂತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಅದು ಇನ್ನಷ್ಟು ರೀಲನ್ನು ನುಂಗಿತು. ತಲೆಯ ಮೇಲೆ ಎರಡು ಗುದ್ದಿದೆ. ಕ್ಯಾಸೆಟ್ಟು ಅರ್ಧ ಹೊರಗೆ ಬಂದು ನಿಂತಿತು. ಹಿಡಿದು ಎಳೆದೆ. ಕ್ಯಾಸೆಟ್ ಬಂತು, ರೀಲು ಒಳಗೇ ಉಳಿಯಿತು!

"ಸಾರ್, ಬುಡಿ ಸಾರ್, ಬುಡಿ" ಅಂದರು ಪುಟ್ಟಸ್ವಾಮಿ.

ಬಿಡುವ ಜಾಯಮಾನ ನನ್ನದಲ್ಲ. ಅಡಿಗೆಮನೆಯಿಂದ ಇಕ್ಕಳ ತಂದೆ. ಸಲೀಸಾಗಿ ಬರಲಿ ಅಂತ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಎಳೆದೆ, ಎಳೆದೆ, ಮಾರುಗಟ್ಟಲೆ ಕಪ್ಪು ರೀಲು ಸುಕ್ಕುಗಟ್ಟಿ ಎಣ್ಣೆ ಸುರಿಸಿಕೊಂಡು ನೆಲದ ಮೇಲೆ ಬಿತ್ತು. ಕಡೆಗೆ ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ಬರಲೊಲ್ಲದು. ಕತ್ತರಿ ತಂದು ಕತ್ತರಿಸಿಬಿಟ್ಟೆ.

ಸರೋಜ ಬೈದಿದ್ದರೆ ಚೆನ್ನಾಗಿತ್ತು. ಅವಳು ನೆಲದ ಮೇಲಿದ್ದ ರೀಲನ್ನೆಲ್ಲ ಗುಡ್ಡೆ ಮಾಡಿ, ಸೀರೆಯ ಸೆರಗಿನಲ್ಲಿ ಎಣ್ಣೆ ಒರೆಸಿ, ಒಂದು ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಟಳು.

ಮಾರನೆಯ ದಿನ ಪುಟ್ಟಸ್ವಾಮಿಯವರೇ ಲಷ್ಕರ್ ಮೊಹಲ್ಲಾದಲ್ಲಿ ಒಬ್ಬ ಹಳೇ ರಿಪೇರಿಯವರನ್ನು ಹುಡುಕಿಕೊಟ್ಟರು. ನಜೀರ್ ಸಾಬರು. ವಯಸ್ಸು ಎಪ್ಪತ್ತರ ಮೇಲೆ, ಮೂಗಿನ ತುದಿಯಲ್ಲಿ ಕನ್ನಡಕ. ನಾನೂ ಸರೋಜಾನೂ ಮಿಷನ್ನು, ಕ್ಯಾಸೆಟ್ಟು, ಡಬ್ಬಿ ಸಮೇತ ಹೋದೆವು. ಸಾಬರು ಸ್ಕ್ರೂ ಬಿಚ್ಚಿ ಮೇಲಿನ ತಗಡು ಎತ್ತಿದರು. ಒಳಗೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಸಾರ್, ಇದು ವಿಸಿಆರೋ, ಅಕ್ಕಿ ಡಬ್ಬಾನೋ?"

ಹಳದಿ ಅಕ್ಕಿ! ಚಕ್ರಗಳ ಸಂದಿಯಲ್ಲಿ, ಹೆಡ್ಡಿನ ಬುಡದಲ್ಲಿ, ಮೂವತ್ತು ಆಯುಧ ಪೂಜೆಗಳ ಅಕ್ಷತೆ. ಸಾಬರು ಬ್ರಷ್ಷಿನಿಂದ ಗುಡಿಸಿ ಒಂದು ಪೇಪರಿನ ಮೇಲೆ ಹಾಕಿ ನನ್ನ ಮುಂದಿಟ್ಟರು. ಜೊತೆಗೆ ಕರಗಿ ಅಂಟಾಗಿದ್ದ ರಬ್ಬರ್ ಬೆಲ್ಟನ್ನೂ ಎತ್ತಿ ತೋರಿಸಿದರು.

"ಒಳ್ಳೆ ಮಿಷನ್ನು ಸಾರ್ ಇದು. ವಾರಕ್ಕೊಂದ್ಸಲ ಓಡ್ಸಿದ್ರೆ ಇವತ್ತೂ ಓಡ್ತಿತ್ತು. ಇಟ್ಟು ಇಟ್ಟು ಸಾಯಿಸ್ಬುಟ್ರಿ."

ನಾನು ಸರೋಜಳ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಹದಿನೈದು ದಿನ ಬಿಟ್ಟು ಕರೆದರು. ಉಳಿದ ರೀಲನ್ನು ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಸುತ್ತಿ, ತಮ್ಮದೇ ಮಿಷನ್ನಿಗೆ ಹಾಕಿದ್ದರು. "ಹಾಡಿನ ಭಾಗ ಪೂರ್ತಿ ಹೋಯ್ತಮ್ಮ. ಎಣ್ಣೆ, ಸುಕ್ಕು, ಏನೂ ಮಾಡೋಕಾಗಲ್ಲ. ಅದರ ಮುಂದಿನದ್ದು ಬರುತ್ತೆ" ಎಂದು ಸರೋಜಳಿಗೆ ಗಟ್ಟಿಯಾಗಿ ಹೇಳಿದರು. ಅವಳು ತಲೆಯಾಡಿಸಿದಳು.

ಮುಂದಿನದ್ದೆಲ್ಲ ಬರೀ ವಾಲಗ. ಅತ್ತೆಯವರ ಬಾಯಿ ಆಡುತ್ತದೆ, ಕೇಳಿಸುವುದು ವಾಲಗ. ಒಂದೇ ಒಂದು ಕಡೆ ವಾಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದಾರೆ. ಅಲ್ಲಿ ಮದುಮಗನ ಬಾಸಿಂಗ ಹಣೆಯಿಂದ ಜಾರಿದೆ. ಪುರೋಹಿತರು ಇದ್ದಾರೆ, ಸೋದರಮಾವ ಇದ್ದಾನೆ, ಆದರೂ ಮದುಮಗ ತಾನೇ ಅದನ್ನು ರಿಪೇರಿ ಮಾಡಲು ಎರಡೂ ಕೈ ಎತ್ತಿದ್ದಾನೆ. ದಾರ ಕಿತ್ತುಹೋಗುತ್ತಿದೆ. ಆಗ ಅತ್ತೆಯವರು ಓಡಿ ಬಂದು, ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ ಹೇಳುತ್ತಾರೆ:

"ಅಯ್ಯೋ, ಕೈ ಹಾಕ್ಬೇಡಿ ಅಳಿಯಂದ್ರೆ! ಸುಮ್ನೆ ಕೂತ್ಕೊಳ್ಳಿ!"

ಸಾಬರು ಮುಖ ಆ ಕಡೆ ತಿರುಗಿಸಿ ನಕ್ಕರು. ಸರೋಜಾನೂ ನಕ್ಕಳು. ನಗುತ್ತಾ ನಗುತ್ತಾ ಅಳುವುದಕ್ಕೆ ಶುರುಮಾಡಿದಳು. "ಇದೇ ಕಣ್ರೀ ಅಮ್ಮನ ದನಿ. ಇದೇ" ಅಂದಳು. ಐದಾರು ಸಲ ಹಾಕಿಸಿಕೊಂಡು ಕೇಳಿ, ಮೊಬೈಲಿಗೆ ತುಂಬಿಕೊಂಡಳು.

ಈಗ ದಿನಾ ಬೆಳಿಗ್ಗೆ ಕಾಫಿಯ ಹೊತ್ತಿಗೆ ನಮ್ಮ ಅತ್ತೆಯವರು ಮಾತಾಡುತ್ತಾರೆ. ಇಡೀ ರಸ್ತೆಗೆ ಕೇಳಿಸುತ್ತದೆ. ಕೆಡದ ವಿಸಿಆರಿನ ಸುದ್ದಿ ಗೊತ್ತಿದ್ದವರಿಗೆಲ್ಲ ಈಗ ಇದೂ ಗೊತ್ತು. ಪುಟ್ಟಸ್ವಾಮಿಯವರು ಕಾಂಪೌಂಡಿನ ಆಚೆಯಿಂದ, "ಎದ್ರಾ ಅಳಿಯಂದ್ರೆ?" ಅನ್ನುತ್ತಾರೆ.

ಮೊನ್ನೆ ಸರೋಜ ಮೊಬೈಲನ್ನು ಎಡಗಿವಿಗೆ ಹಿಡಿದು ಕೂತಿದ್ದಳು. ಒಮ್ಮೆ ಕೇಳಿದಳು, ಇನ್ನೊಮ್ಮೆ ಒತ್ತಿದಳು. ಆಮೇಲೆ ನನ್ನ ಕಡೆ ನೋಡಿ, "ಸೌಂಡು ಕಡಿಮೆ ಆಗೈತೆ ಕಣ್ರೀ, ಸ್ವಲ್ಪ ಜಾಸ್ತಿ ಮಾಡಿಕೊಡಿ" ಅಂದಳು. ಸೌಂಡು ಪೂರ್ತಿ ಇತ್ತು. ಅದಕ್ಕಿಂತ ಜಾಸ್ತಿ ಇಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ಏನಾದರೂ ಮಾಡೋಣ ಅಂತ ಮೊಬೈಲಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವಳು ಮತ್ತೊಮ್ಮೆ ಒತ್ತಿದಳು.

"ಅಯ್ಯೋ, ಕೈ ಹಾಕ್ಬೇಡಿ ಅಳಿಯಂದ್ರೆ! ಸುಮ್ನೆ ಕೂತ್ಕೊಳ್ಳಿ!" ಅಂದಿತು ಮೊಬೈಲು.

ಕೂತುಕೊಂಡೆ.