ಪ್ಯಾಂಟಿಗೊಂದು ಚೀಲ ಕೊಸರು

ನಮ್ಮ ಮನೆಯಲ್ಲಿ ನಗೆಪಾಟಲಾಗದ ದಿನ ಅಂದರೆ ಕರೆಂಟ್ ಇಲ್ಲದ ದಿನ. ಕರೆಂಟ್ ಇದ್ದರೆ ಮಷಿನ್ ನಡೆಯುತ್ತೆ, ಮಷಿನ್ ನಡೆದರೆ ಫೋನ್ ಬರುತ್ತೆ, ಫೋನ್ ಬಂದರೆ ನಮ್ಮತ್ತೆ ಎದ್ದು ಬರುತ್ತಾರೆ. ಅಲ್ಲಿಗೆ ಮುಗೀತು.

ನಾನು ಮಡಕಶಿರಾ ಕಡೆಯವಳು. ರಾಯದುರ್ಗಕ್ಕೆ ಸೊಸೆಯಾಗಿ ಬಂದಾಗ ಜೀನ್ಸ್ ಪ್ಯಾಂಟಿಗೆ ಇಷ್ಟೊಂದು ಹೊಲಿಗೆ ಇರುತ್ತೆ ಅಂತಲೇ ಗೊತ್ತಿರಲಿಲ್ಲ. ಮನೆ ಪಕ್ಕದ ಶೆಡ್ಡಿನಲ್ಲಿ ನಮ್ಮ ಯಜಮಾನರು ಬಟ್ಟೆ ಕಟಿಂಗ್ ಮಾಡುತ್ತಾರೆ, ಗುಮ್ಮಘಟ್ಟದಿಂದ ಶೇರ್ ಆಟೋದಲ್ಲಿ ಬರುವ ನಾಲ್ಕು ಜನ ಹೆಂಗಸರು ಹೊಲಿಯುತ್ತಾರೆ, ಅತ್ತೆ ಎಲ್ಲರನ್ನೂ ಆಳುತ್ತಾರೆ. ಹೋದ ವರ್ಷ ಹಳೇ ಅಂಗಡಿಯವರ ಆರ್ಡರ್ ಕಮ್ಮಿಯಾಗಿ ಹೆಂಗಸರು ಮುಖ ಸಪ್ಪಗೆ ಮಾಡಿಕೊಂಡಾಗ ಅತ್ತೆ ಮಾತು ಕೊಟ್ಟುಬಿಟ್ಟರು: "ನಿಮ್ಮ ಮಷಿನ್ ನಿಲ್ಲಂಗಿಲ್ಲ. ನಾ ಅದೀನಿ, ನೀವು ಬರ್ರಿ." ಮಾತು ಅವರು ಕೊಟ್ಟರು, ಆರ್ಡರ್ ನಾನು ಹುಡುಕಬೇಕಾಯಿತು.

ಎರಡು ಆ್ಯಪ್‌ನಲ್ಲಿ ಮಾಲು ಹಾಕಿದೆ. ಒಂದು ಚಿಲ್ಲರೆಯದು, ತೊಡುವವರೇ ಒಂದೊಂದು ಪ್ಯಾಂಟ್ ತಗೊಳ್ಳೋದು. ಇನ್ನೊಂದು ಹೋಲ್‌ಸೇಲ್, ಅಂಗಡಿಯವರು ಬಂಡಲ್‌ಗಟ್ಟಲೆ ತಗೊಳ್ಳೋದು. ಪ್ಯಾಂಟ್ ಒಂದೇ, ಆದರೆ ಎರಡರ ನಡಾವಳಿ ಅತ್ತೆ ಸೊಸೆಯಷ್ಟು ಬೇರೆ.

ಫೋಟೋ

ಚಿಲ್ಲರೆ ಆ್ಯಪ್‌ಗೆ ಪ್ಯಾಂಟ್ ತೊಟ್ಟ ಮನುಷ್ಯನ ಫೋಟೋ ಬೇಕು. ಯಜಮಾನರಿಗೇ ಹೊಸ ಪ್ಯಾಂಟ್ ಹಾಕಿಸಿ ಗೋಡೆ ಪಕ್ಕ ನಿಲ್ಲಿಸಿದೆ. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದರು, ಪಾಪ. ಅಷ್ಟರಲ್ಲಿ ಹೋಲ್‌ಸೇಲ್ ಆ್ಯಪ್‌ನಿಂದ ಬಳ್ಳಾರಿಯ ವ್ಯಾಪಾರಿಯೊಬ್ಬ ವಿಡಿಯೋ ಕಾಲ್ ಮಾಡಿದ. ಅವನಿಗೆ ತೊಟ್ಟವರ ಚಂದ ಯಾಕೆ ಬೇಕು? "ಒಳಗಿನ ಹೊಲಿಗಿ ತೋರಿಸ್ರಿ" ಅಂದ. ಮುಗಿದಿದ್ದ ಪೀಸ್ ಅದೊಂದೇ, ಅದು ಯಜಮಾನರ ಮೈಮೇಲಿತ್ತು.

"ಬಿಚ್ಚೋ" ಅಂದರು ಅತ್ತೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಯಜಮಾನರು ಬಟ್ಟೆ ರಾಶಿಯ ಹಿಂದೆ ಓಡಿ, ಟವೆಲ್ ಸುತ್ತಿಕೊಂಡು ಬಂದು, ಪ್ಯಾಂಟಿನ ಒಳಮೈ ಹೊರಗೆ ಮಾಡಿ ಫೋನಿನ ಮುಂದೆ ಹಿಡಿದರು. ವ್ಯಾಪಾರಿ ಬಹಳ ಹೊತ್ತು ನೋಡಿದ.

"ಹೊಲಿಗಿ ಚಲೋ ಐತ್ರಿ" ಅಂದ. "ಆ ಟವೆಲ್ ಡಜನ್ನಿಗೆ ಹೆಂಗ್ರಿ?"

ಚೌಕಾಸಿ ಇಲ್ಲದ ಗಿರಾಕಿ

ಚಿಲ್ಲರೆ ಆ್ಯಪ್‌ನಲ್ಲಿ ಮೊದಲ ಆರ್ಡರ್ ಬಂದಾಗ ಓಡಿಹೋಗಿ ಅತ್ತೆಗೆ ಹೇಳಿದೆ.

"ಎಷ್ಟಕ್ಕ ಕೇಳಿದ್ರು?"

"ಕೇಳಲಿಲ್ಲ ಅತ್ತೆ. ನಾವು ಹಾಕಿದ ರೇಟಿಗೇ ತಗೊಂಡ್ರು."

"ಒಂದ್ ಮಾತೂ ಆಡಲಿಲ್ಲ?"

"ಅಲ್ಲಿ ಮಾತಾಡೋಕೆ ಜಾಗನೇ ಇಲ್ಲ ಅತ್ತೆ. ಒತ್ತೋದು, ತರಿಸ್ಕೊಳ್ಳೋದು, ಅಷ್ಟೆ."

ಅತ್ತೆ ಪೆಚ್ಚಾದರು. ಹೋಲ್‌ಸೇಲ್‌ನವರು ಜಗ್ಗಾಡಿ, ಮನೆಮಂದಿಯ ಆರೋಗ್ಯ ವಿಚಾರಿಸಿ, ಮತ್ತೆ ಜಗ್ಗಾಡಿ ಕೊಳ್ಳುವುದನ್ನು ಕಂಡವರು ಅವರು. ರೇಟಿನ ಮಾತಿನಲ್ಲಿ ಅತ್ತೆಯನ್ನು ಗೆದ್ದವರನ್ನು ನಾನಂತೂ ಇವತ್ತಿಗೂ ನೋಡಿಲ್ಲ. ಅಂಥವರು "ಪಾಪ" ಅಂದರು, "ಅವ್ರ ಮನ್ಯಾಗ ದೊಡ್ಡೋರು ಯಾರೂ ಇಲ್ಲೇನು?"

ವಾಪಸ್ ಬಂದ ಕೊಸರು

ಚೌಕಾಸಿ ಮಾಡದ ಗಿರಾಕಿಗೆ ಅನ್ಯಾಯ ಆಗಬಾರದು ಅಂತ ಅತ್ತೆ ಕೊಸರು ಕೊಡಲು ಶುರುಮಾಡಿದರು. ನಮ್ಮ ತವರಿನ ಕಡೆ ರೊಳ್ಳದ ಸಂತೆಯಲ್ಲೂ ಹಾಗೇ, ಕಡ್ಲೆಕಾಯಿ ಅಳೆದ ಮೇಲೆ ಇನ್ನೊಂದು ಹಿಡಿ ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ಕಟ್ಟೋದಿಲ್ಲ. ಅತ್ತೆ ಮಿಕ್ಕ ಜೀನ್ಸ್ ತುಂಡುಗಳಲ್ಲಿ ಅಂಗೈಯಗಲದ ಝಿಪ್ ಚೀಲ ಹೊಲಿದು ಪ್ರತಿ ಪ್ಯಾಕೆಟ್‌ನಲ್ಲೂ ಒಂದು ಇಟ್ಟರು. ಎಷ್ಟು ಮುದ್ದಾಗಿತ್ತು ಅಂತೀರಿ!

ಕೆಲವೇ ದಿನಕ್ಕೆ ಒಂದು ಚೀಲ ವಾಪಸ್ ಬಂತು. "ನಾನು ಆರ್ಡರ್ ಮಾಡದ ಸಾಮಾನು ಬಂದಿದೆ" ಅಂತ ಗಿರಾಕಿ ಬರೆದಿದ್ದ. ಇನ್ನೊಬ್ಬ ಗಾಬರಿಯಾಗಿ ಚೀಲದ ಜೊತೆ ಪ್ಯಾಂಟನ್ನೂ ಕಳಿಸಿದ. ಮತ್ತೊಬ್ಬ ಚೀಲ ಇಟ್ಟುಕೊಂಡು ಪ್ಯಾಂಟ್ ವಾಪಸ್ ಮಾಡಿದ! ಹಿಂದೆಯೇ ಆ್ಯಪ್‌ನವರ ಮೆಸೇಜು: ತಪ್ಪು ಸಾಮಾನು ಕಳಿಸುತ್ತಿದ್ದೀರಿ, ಹೀಗೇ ಆದರೆ ನಿಮ್ಮ ಅಂಗಡಿ ಬಂದ್ ಮಾಡುತ್ತೇವೆ. ಟವೆಲ್ ಕೇಳಿದವನ ಪತ್ತೆ ಆಮೇಲೆ ಇರಲಿಲ್ಲ, ಹೋಲ್‌ಸೇಲ್ ತಣ್ಣಗಿತ್ತು. ಇದೂ ಹೋದರೆ ಮಷಿನ್‌ಗಳು ನಿಂತವು, ಅತ್ತೆ ಕೊಟ್ಟ ಮಾತೂ ಹೋಯಿತು.

ಸಹಾಯವಾಣಿಗೆ ಫೋನ್ ಮಾಡಿದೆ. ನಮ್ಮದು ತೆಲುಗು ರಾಜ್ಯದ ಗಡಿಯೂರು, ಅದಕ್ಕೇ ಹುಡುಗಿಯೊಬ್ಬಳು ತೆಲುಗಿನಲ್ಲಿ ನಿಯಮ ಓದತೊಡಗಿದಳು. ಅತ್ತೆ ಫೋನ್ ಕಸಿದುಕೊಂಡು ತೆಲುಗಿನಲ್ಲೇ ಶುರುಮಾಡಿದವರು, ಸಿಟ್ಟು ಏರಿದ ಹಾಗೆ ಕನ್ನಡಕ್ಕೆ ಬಂದರು. "ಯವ್ವಾ, ಹೆಚ್ಚಿಗಿ ಕೊಟ್ರ ತಪ್ಪಂತೀಯಲ್ಲ, ನಿಮ್ಮವ್ವ ಎಂದೂ ಕೊಸರು ಕೇಳಿಲ್ಲೇನು?"

ಹುಡುಗಿ ಕಿಸಕ್ಕನೆ ನಕ್ಕು ತಾನೂ ಕನ್ನಡಕ್ಕೆ ಬಂದಳು. "ಕೊತ್ತಂಬರಿ ತಗೊಂಡ್ರೂ ಕೇಳ್ತಾರಜ್ಜಿ. ಏನ್ಮಾಡ್ಲಿ, ನಮ್ಮ ಸಿಸ್ಟಂನಲ್ಲಿ ಕಮ್ಮಿ ಕೊಟ್ರೂ ದೂರು, ಜಾಸ್ತಿ ಕೊಟ್ರೂ ದೂರು. ಕೊಸರಿಗೆ ಕಾಲಮ್ಮೇ ಇಲ್ಲ!"

ಬರೆದರೆ ಕೊಸರಲ್ಲ

ದಾರಿಯನ್ನೂ ಆ ಹುಡುಗಿಯೇ ಹೇಳಿಕೊಟ್ಟಳು: "ಪ್ಯಾಂಟ್ ಜೊತೆ ಒಂದು ಚೀಲ" ಅಂತ ಆ್ಯಪ್‌ನಲ್ಲೇ ಬರೆದುಬಿಡಿ. ಬರೆದೆ. ದೂರುಗಳು ನಿಂತವು, ಅಂಗಡಿ ಉಳಿಯಿತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ.

"ಬರದ ಮ್ಯಾಲ ಅದೂ ಮಾಲು ಆತು. ಕೊಸರು ಎಲ್ಲಿ ಉಳೀತು?"

ಮಾರನೇ ದಿನ ನೋಡಿದರೆ ಪ್ರತಿ ಚೀಲದೊಳಗೂ ಎರಡೆರಡು ಗುಂಡಿ! "ಅತ್ತೆ, ಕೈ ಮುಗೀತೀನಿ, ಬೇಡ" ಅಂದೆ. "ಗುಂಡಿ ಯಾರು ವಾಪಸ್ ಕಳಿಸ್ತಾರ, ಸುಮ್ನಿರು" ಅಂದರು. ಯಾರೂ ಕಳಿಸಲಿಲ್ಲ. ಬದಲಿಗೆ ಒಬ್ಬ ಗಿರಾಕಿ "ಗುಂಡಿ ಕಿತ್ತರೆ ಇರಲಿ ಅಂತ ಗುಂಡಿಯನ್ನೂ ಇಟ್ಟಿದ್ದಾರೆ, ನಮ್ಮಮ್ಮ ಕಳಿಸಿದ ಹಾಗಿದೆ" ಅಂತ ಬರೆದು ಐದು ಸ್ಟಾರ್ ಕೊಟ್ಟಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡು ಅತ್ತೆಗೆ ಓದಿ ಹೇಳಿದೆ.

"ಐದೇನಾ?" ಅಂದರು. "ಕೊಸರಿಗಂತ ಇನ್ನೊಂದು ಹಾಕಿಲ್ಲೇನು?"

ಟವೆಲ್ ವ್ಯಾಪಾರಿ ಮತ್ತೆ ಬಂದ

ಎಷ್ಟಾದರೂ ಒಂದೊಂದೇ ಪ್ಯಾಂಟಿನ ಆರ್ಡರ್ ನಾಲ್ಕು ಮಷಿನ್‌ಗೆ ಸಾಲುತ್ತಿರಲಿಲ್ಲ. ಇಬ್ಬರು ಹೆಂಗಸರು ಮಧ್ಯಾಹ್ನವೇ ಆಟೋ ಹತ್ತುವಂತಾಯಿತು. ಅತ್ತೆ ಅವರ ಮುಖ ನೋಡಲಾರದೆ ದಾರ ಸುತ್ತುತ್ತಾ ಕೂರುತ್ತಿದ್ದರು. ಅದನ್ನು ನೋಡಿ ನನಗೆ ಸಂಕಟ. ಆಗ ಬಂತು ಟವೆಲ್ ವ್ಯಾಪಾರಿಯ ಫೋನ್.

"ಅಮ್ಮಾರ, ನಮ್ಮ ಹುಡುಗ ನಿಮ್ಮ ಪ್ಯಾಂಟ್ ತರಿಸಿದ್ದ. ಅದ್ರಾಗಿನ ಚೀಲ ಅವನ ತಂಗಿ ಕಸಗೊಂಡ್ಳು. ಈಗ ಅವಳ ಕಾಲೇಜಿನ ಹುಡುಗೇರೆಲ್ಲ ನಮಗೂ ಬೇಕು ಅಂತಾರ. ಪ್ಯಾಂಟ್ ಬ್ಯಾಡ್ರಿ, ಬರೇ ಚೀಲ. ಹೋಲ್‌ಸೇಲ್ ಹೆಂಗ್ರಿ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅವತ್ತು ಅವರನ್ನು ನೋಡಬೇಕಿತ್ತು! ಅವನು ಇಳಿಸಿದ, ಇವರು ಏರಿಸಿದರು. ಅವನು ಆ್ಯಪ್‌ನಲ್ಲಿ ಬೇರೆಯವರು ಕಮ್ಮಿಗೆ ಕೊಡ್ತಾರೆ ಅಂದ. "ತಗೊಳ್ರಿ, ಝಿಪ್ ಕಿತ್ತ ಮ್ಯಾಲ ನನ್ನ ನೆನಸ್ರಿ" ಅಂದರು ಇವರು. ನಡುವೆ ಅವನ ಹೆಂಡತಿಯ ಮಂಡಿನೋವಿಗೆ ಮದ್ದು ಹೇಳಿದರು, ಅವನು ಭೈರವಾನಿತಿಪ್ಪ ಡ್ಯಾಮಿಗೆ ನೀರು ಬಂತೇನ್ರಿ ಅಂತ ವಿಚಾರಿಸಿದ, ಮತ್ತೆ ರೇಟಿಗೆ ಬಂದರು. ಕೊನೆಗೆ ಒಪ್ಪಂದವಾಯಿತು: ದೀಪಾವಳಿ ತನಕ ನಾಲ್ಕು ಮಷಿನ್‌ಗೂ ಪುರಸೊತ್ತಿಲ್ಲದಷ್ಟು ಚೀಲ. ಹೆಂಗಸರಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. ನನಗೂ ಅತ್ತೆಯ ಕಾಲಿಗೆ ಬಿದ್ದುಬಿಡೋಣ ಅನ್ನಿಸಿತು, ಸುಳ್ಳು ಹೇಳಲ್ಲ.

ಫೋನ್ ಇಡುವ ಮುಂಚೆ ಅವನು ಅಂದ, "ಎಲ್ಲಾ ಸರಿ ಆತ್ರಿ ಅಮ್ಮಾರ. ಕೊಸರು?"

ಎಲ್ಲರ ಕೈಯೂ ನಿಂತಿತು. ನಮ್ಮ ಹತ್ತಿರ ಇದ್ದ ಕೊಸರೇ ಆ ಚೀಲ, ಅದನ್ನೇ ಮಾರಿಯಾಗಿತ್ತು. ಇನ್ನೇನು ಕೊಡೋದು? ಅತ್ತೆ ಆ ಕಡೆ ಈ ಕಡೆ ನೋಡಿದರು. ಮೂಲೆಯಲ್ಲಿ ಮಡಿಸಿಟ್ಟ ಪ್ಯಾಂಟುಗಳ ಮೇಲೆ ಅವರ ಕಣ್ಣು ನಿಂತಿತು.

"ಕೊಡದ ಬಿಡ್ತೀವೇನ್ರಿ?" ಅಂದರು. "ನಿಮ್ಮ ಸೊಂಟದ ಅಳತಿ ಹೇಳ್ರಿ."