ಎರಡು ಗಾಡಿ, ಒಂದು ಕಲ್ಲು

"ಮನೆಗೆ ಹೊಸ ವ್ಯಾನು ಬರಲಿ, ಯಾರು ಬೇಡ ಅಂದ್ರು? ಆದರೆ ಈ ಜೀಪು ಅಂಗಳ ಬಿಟ್ಟು ಹೋಗಬೇಕಾದರೆ ಮೊದಲು ನಾನು ಹೋಗಬೇಕು!" ಎಂದು ಕನ್ನಡಕದ ಅಂಗಡಿಯ ಯಜಮಾನರು ಊಟದ ಮೇಜು ಗುದ್ದಿ ಘೋಷಿಸಿದರು. ನೀರಿನ ಲೋಟ ಉರುಳಿತು.

"ಇಬ್ಬರೂ ಒಟ್ಟಿಗೆ ಹೋಗೋದಾದ್ರೆ ಒಳ್ಳೇದೇ ರೀ. ಗುಜರಿಯವನ ಲಾರಿ ಒಂದೇ ಸಲ ಬಂದ್ರೆ ಸಾಕು," ಎಂದು ಅವರ ಹೆಂಡತಿ ಲೋಟ ಎತ್ತಿಟ್ಟರು. ಆಕೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸು. ಗಂಡನ ಅಬ್ಬರವನ್ನು ಆಕೆ ಜ್ವರ ಬಂದವರ ಬಡಬಡಿಕೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರು.

ಬೀದಿಯವರೆಲ್ಲ ಯಜಮಾನರನ್ನು ಕರೆಯುತ್ತಿದ್ದದ್ದೇ ಜೀಪಪ್ಪ ಎಂದು. ದಿನವಿಡೀ ಅಂಗಡಿಯಲ್ಲಿ ಕೂತು ಊರವರ ಕಣ್ಣಿನ ದೋಷ ಹುಡುಕುವ ಈ ಮಹಾಶಯರಿಗೆ ತಮ್ಮ ಜೀಪಿನ ದೋಷ ಮಾತ್ರ ಒಂದೂ ಕಾಣುತ್ತಿರಲಿಲ್ಲ! ತಿರುವಿನಲ್ಲಿ ಎಡಬಾಗಿಲು ತಾನಾಗಿ ತೆರೆದುಕೊಂಡರೆ "ಗಾಳಿ ಬರಲಿ ಬಿಡು" ಎನ್ನುವರು. ಮಳೆಗೆ ಮಗಳು ಜೀಪಿನೊಳಗೇ ಕೊಡೆ ಬಿಡಿಸಿದರೆ "ಮಕ್ಕಳು ಗಟ್ಟಿಯಾಗಿ ಬೆಳೀಬೇಕು" ಎನ್ನುವರು. ಹ್ಯಾಂಡ್‌ಬ್ರೇಕು ಯಾವ ಕಾಲದಲ್ಲೋ ಪ್ರಾಣ ಬಿಟ್ಟಿತ್ತು. ಸೆಲ್ಫ್ ಸ್ಟಾರ್ಟು ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಾಗಿ ಆ ಮನೆಯಲ್ಲೊಂದು ಕವಾಯತು ರೂಢಿಯಾಗಿತ್ತು. ಮನೆಯಿದ್ದದ್ದು ಇಳಿಜಾರು ಬೀದಿಯ ತಲೆಯಲ್ಲಿ. ಗೇಟಿನ ಮುಂದೆ ಜೀಪಿನ ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿ, ಬ್ರೇಕು ತುಳಿದುಕೊಂಡೇ ಯಜಮಾನರು "ಕಲ್ಲು!" ಎಂದು ಕೂಗುವರು. ಮಗಳು ಓಡಿಬಂದು ಮುಂದಿನ ಚಕ್ರದಡಿ ಒಂದು ದಪ್ಪ ಕಲ್ಲು ಇಡುವಳು. ಹೊರಡುವಾಗ ಮತ್ತೆ "ಕಲ್ಲು!" ಅವಳು ಪಕ್ಕದಿಂದ ಜಗ್ಗಿ ತೆಗೆಯುವಳು, ಜೀಪು ಉರುಳುತ್ತಾ ಉರುಳುತ್ತಾ ಸ್ಟಾರ್ಟ್ ಆಗುವುದು. ಸಮತಟ್ಟು ಜಾಗದಲ್ಲಿ ಕೈಕೊಟ್ಟರೆ ಹಿಂದಿನಿಂದ ತಳ್ಳಲು ಹೆಂಡತಿ ಇದ್ದೇ ಇದ್ದರು. ಮದುವೆಯಾದಾಗಿನಿಂದ ಆ ತಾಯಿ ತಳ್ಳಿದ್ದೇ ತಳ್ಳಿದ್ದು.

"ಸರಿ, ಇಟ್ಕೊಳ್ಳಿ," ಎಂದರು ಹೆಂಡತಿ ಕೊನೆಗೆ. "ಆದ್ರೆ ವ್ಯಾನು ಬಂದಮೇಲೆ ಈ ಜೀಪಿನಿಂದ ಮನೆಗೆ ಒಂದೇ ಒಂದು ತೊಂದರೆ ಆಗಲಿ, ಅವತ್ತೇ ಗುಜರಿಯವನಿಗೆ ಫೋನು. ಒಪ್ಪಿಗೇನಾ?"

"ತೊಂದರೆ? ನನ್ನ ಜೀಪಿನಿಂದ? ಒಪ್ಪಿಗೆ!"

ಬಾಯಲ್ಲಿ ಒಪ್ಪಿಗೆ, ಎದೆಯಲ್ಲಿ ಡವಡವ! ಯಾಕೆಂದರೆ ಆ ಜೀಪೆಂದರೆ ಅವರಿಗೆ ನಿಜಕ್ಕೂ ಪ್ರಾಣ. ಅಂಗಡಿಯಲ್ಲಿ ಗಿರಾಕಿಗಳ ಮಾತು ಕೇಳಬೇಕು, ಮನೆಯಲ್ಲಿ ಹೆಂಡತಿ ಮತ್ತು ಅತ್ತೆಯ ಮಾತು ಕೇಳಬೇಕು. ಜೀಪಿನಲ್ಲಿ ಮಾತ್ರ ಅವರು ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ. ಆ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿಯನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ವ್ಯಾನು ಬಂತು. ಹಾಲಿನಂಥ ಬಿಳುಪು, ಹಾಸಿಗೆಯಂಥ ಸೀಟು. ಯಜಮಾನರು ಗೇಟಿನ ಮುಂದೆ ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕು ತುಳಿದು, ಅಭ್ಯಾಸಬಲದಿಂದ ಕೂಗಿಯೇ ಕೂಗಿದರು: "ಕಲ್ಲು!"

ಮಗಳು ಓಡಿಬಂದು ಇಟ್ಟಳು. "ಕಲ್ಲು ಸರಿಯಾಗಿ ಕೂತಿದೆಯಾ ನೋಡೇ," ಎಂದರು ಹೆಂಡತಿ. ಹೊಸ ಗಾಡಿಗೆ ಹ್ಯಾಂಡ್‌ಬ್ರೇಕು ಎಂಬ ಅಂಗವೊಂದಿರುತ್ತದೆ ಎಂದು ಆ ಮನೆಯ ಒಂದು ನರಪಿಳ್ಳೆಗೂ ಹೊಳೆಯಲಿಲ್ಲ! ಎಲ್ಲರೂ ಇಳಿದರು, ಅತ್ತೆಯವರೊಬ್ಬರನ್ನು ಬಿಟ್ಟು. "ಇಷ್ಟು ವರ್ಷ ಜೀಪಲ್ಲಿ ಕೂತು ಸೊಂಟ ಬಿದ್ದುಹೋಗಿದೆ. ಸ್ವಲ್ಪ ಹೊತ್ತು ನನ್ನನ್ನ ಇಲ್ಲೇ ಬಿಡಿ," ಎಂದು ಅವರು ಕಾಲು ಚಾಚಿದರು.

ಜೀಪು ಕಾಂಪೌಂಡಿನೊಳಗೆ ಅನಾಥವಾಗಿ ನಿಂತಿತ್ತು. ಯಜಮಾನರ ಕರುಳು ಚುರುಕ್ಕೆಂದಿತು. "ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಒಂದು ಫೋಟೊ ತೆಗೆಯೋಣ. ಅಣ್ಣ ತಮ್ಮ ಇದ್ದ ಹಾಗೆ!"

"ತಾತ ಮೊಮ್ಮಗ ಅನ್ನಿ," ಎಂದರು ಹೆಂಡತಿ.

ಅವತ್ತು ಜೀಪಿಗೂ ಮನಸ್ಸು ಬಂದಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಯಜಮಾನರು ಮೀಸೆ ತಿರುವುತ್ತಾ ಅದನ್ನು ವ್ಯಾನಿನ ಪಕ್ಕಕ್ಕೆ ತಂದು, ಎಂಜಿನ್ ಆರಿಸಿ, ಬ್ರೇಕು ತುಳಿದು ಕೂಗಿದರು: "ಕಲ್ಲು!"

ಮಗಳು ಅಪ್ಪನ ಮಾತು ಮೀರುವವಳಲ್ಲ. ಮನೆಯಲ್ಲಿದ್ದದ್ದೋ ಒಂದೇ ಕಲ್ಲು. ವ್ಯಾನಿನ ಚಕ್ರದಡಿಯಿಂದ ಜಗ್ಗಿ ತೆಗೆದು, ಜೀಪಿನ ಚಕ್ರದಡಿ ನೀಟಾಗಿ ಇಟ್ಟಳು.

ಜೀಪಿನ ಕಿಟಕಿಯ ಪಕ್ಕದಲ್ಲೇ ಅತ್ತೆಯವರ ಮುಖ ನಿಧಾನವಾಗಿ ಮುಂದಕ್ಕೆ ಸಾಗಿತು.

"ಏನು ನಯವಾಗಿ ಓಡಿಸ್ತೀರಿ ಅಳಿಯಂದ್ರೇ! ಹೊರಟಿದ್ದೇ ಗೊತ್ತಾಗಲಿಲ್ಲ!" ಎಂದು ಮೆಚ್ಚಿಕೊಂಡ ಅತ್ತೆಯವರು ಪಕ್ಕಕ್ಕೆ ತಿರುಗಿದರು. "ಅಯ್ಯೋ, ನೀವು ಅಲ್ಲಿದ್ದೀರಾ? ಹಾಗಾದ್ರೆ ಇದನ್ನ ಓಡಿಸ್ತಿರೋರು ಯಾರು?"

ಯಜಮಾನರು ಕೈ ಚಾಚುವಷ್ಟರಲ್ಲಿ ವ್ಯಾನು ಇಳಿಜಾರಿನಲ್ಲಿ ವೇಗ ಹಿಡಿಯಿತು. ಬೀದಿಯ ಬುಡದಲ್ಲಿ ನೀರಿನ ಕೊಳವೆ ಒಡೆದು ವಾರದಿಂದ ಕೆಸರಾಗಿತ್ತು. ಆ ಕೆಸರೇ ಕಾಪಾಡಿತು. ವ್ಯಾನು ಅದರಲ್ಲಿ ಗಚಕ್ಕೆಂದು ಹೂತು ನಿಂತಿತು. ಅತ್ತೆಯವರು ಕಿಟಕಿಯಿಂದ ತಲೆ ಹೊರಹಾಕಿ, "ಇಲ್ಲೇ ಇಳೀಬೇಕಾ?" ಎಂದು ಕೇಳಿದರು.

"ಅಪ್ಪಾ, ನೀವೇ ತಾನೆ ಕಲ್ಲು ಅಂದಿದ್ದು?" ಎಂದು ಮಗಳು ಅಳುಮೋರೆ ಮಾಡಿದಳು.

"ಹೆದರಬೇಡಿ! ಇಂಥ ಕೆಸರಿಗೇ ಹುಟ್ಟಿದ್ದು ನನ್ನ ಜೀಪು! ಈಗ ನೋಡಿ ಅದರ ಪ್ರತಾಪ!" ಎಂದು ಯಜಮಾನರು ಗುಡುಗಿ, ಕಲ್ಲು ತೆಗೆಸಿ, ಜೀಪನ್ನು ಉರುಳಬಿಟ್ಟರು. ಗಾಬರಿಯಲ್ಲಿ ಕ್ಲಚ್ಚು ಬೇಗ ಬಿಟ್ಟರು. ಜೀಪು ಎರಡು ಸಲ ಕೆಮ್ಮಿತು. ಉಳಿದ ಇಳಿಜಾರನ್ನು ಸದ್ದಿಲ್ಲದೆ ಇಳಿದು, ವ್ಯಾನಿನ ಹಿಂದಿನ ಸಮತಟ್ಟಿನಲ್ಲಿ ಗಪ್‌ಚುಪ್ಪಾಗಿ ನಿಂತುಬಿಟ್ಟಿತು. ಗುಜರಿಯವನ ಲಾರಿ ಅವರ ಕಣ್ಣಮುಂದೆ ಬಂತು.

ಹೆಂಡತಿ ಓಡಿಬಂದವರು ಮೊದಲು ತಾಯಿಯ ನಾಡಿ ಹಿಡಿದು ನೋಡಿದರು. ಆಮೇಲೆ ಜೀಪಿನ ಬಾಗಿಲು ತೆಗೆದರು.

"ಇಳೀರಿ."

"ಯಾಕೆ?"

"ಹಿಂದೆ ಹೋಗಿ ತಳ್ಳಿ."

ಯಜಮಾನರು ಜೀವಮಾನದಲ್ಲಿ ಮೊದಲ ಸಲ ತಮ್ಮ ಜೀಪಿನ ಬೆನ್ನು ನೋಡಿದರು. ಎಷ್ಟು ಭಾರ! ನಾಲ್ಕು ಹೆಜ್ಜೆ ತಳ್ಳುವಷ್ಟರಲ್ಲಿ ಏದುಸಿರು. ಅಷ್ಟರಲ್ಲಿ ಹೆಂಡತಿ ಹದವಾಗಿ ಕ್ಲಚ್ಚು ಬಿಟ್ಟರು. ಜೀಪು ಘರ್ಜಿಸಿತು! ಹೊಗೆಯೆಲ್ಲ ಯಜಮಾನರ ಮುಖಕ್ಕೆ. ಆಕೆ ಜೀಪು ತಿರುಗಿಸಿ, ಹಗ್ಗ ಕಟ್ಟಿಸಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರ್ ಎಳೆದು, ವ್ಯಾನನ್ನು ಅಮ್ಮನ ಸಮೇತ ಮೇಲಕ್ಕೆಳೆದರು.

"ನೀನು... ಇದೆಲ್ಲ ಯಾವಾಗ ಕಲಿತೆ?"

"ಹಿಂದೆ ನಿಂತು ತಳ್ಳೋರಿಗೆ ಎಂಜಿನ್ ಚೆನ್ನಾಗಿ ಕೇಳಿಸುತ್ತೆ ರೀ. ನೀವು ಕ್ಲಚ್ಚು ಬೇಗ ಬಿಡ್ತೀರಿ. ಮದುವೆಯಾದಾಗಿಂದ ಬೇಗ ಬಿಡ್ತಿದ್ದೀರಿ."

ಯಜಮಾನರು ಮುಖದ ಮಸಿ ಒರೆಸಿಕೊಂಡು ಮೆಲ್ಲಗೆ ಕೇಳಿದರು: "ಹಾಗಾದ್ರೆ... ಗುಜರಿಯವನಿಗೆ ಫೋನು?"

"ಎಂಥ ಫೋನು? ಜೀಪು ಇರುತ್ತೆ."

ಯಜಮಾನರ ಕಣ್ಣು ತುಂಬಿ ಬಂತು. ಆದರೆ ಹೆಂಡತಿ ಜೀಪಿನ ಕೀಲಿಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು ಜಿಪ್ ಎಳೆದರು.

ಸೋಮವಾರ ಬೆಳಿಗ್ಗೆ ತೊಳೆದ ವ್ಯಾನಿನಲ್ಲಿ ಅತ್ತೆಯವರು, ಅವರ ಮೂವರು ಗೆಳತಿಯರು ಮತ್ತು ಶಾಲೆಗೆ ಹೊರಟ ಮಗಳು ಕೂತು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದರು. ಎಲ್ಲರನ್ನೂ ಒಂದೊಂದು ಕಡೆ ಇಳಿಸಿ ಯಜಮಾನರು ಅಂಗಡಿ ತೆರೆಯಬೇಕಿತ್ತು. ಅವರ ಮುಂದೆ, ಜೀಪಿನ ಸ್ಟೀರಿಂಗ್ ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡು, ಆಸ್ಪತ್ರೆಗೆ ಹೊರಟ ಹೆಂಡತಿ ಕೂತಿದ್ದರು. ಆ ಕನ್ನಡಕ ಯಜಮಾನರ ಅಂಗಡಿಯದೇ!

"ಕಲ್ಲು!" ಎಂದರು ಆಕೆ.

ಯಜಮಾನರು ಬಗ್ಗಿ, ಜಗ್ಗಿ, ಎತ್ತಿಕೊಂಡರು. ಜೀಪು ಉರುಳಿ, ಗುಡುಗಿ, ಹೊರಟೇಹೋಯಿತು. ಹೊಗೆಯ ನಡುವಿನಿಂದ ಧ್ವನಿ ಮಾತ್ರ ಕೇಳಿಸಿತು:

"ಸಂಜೆ ಬೇಗ ಬರ್ತೀನಿ ರೀ! ಕಲ್ಲು ಹಿಡ್ಕೊಂಡು ಗೇಟ್ ಹತ್ರ ನಿಂತಿರಿ!"